ಒಸರಿನ ಬಣ್ಣ

ನಮ್ಮೂರ ಕೆರೆ ಏರಿಯ ಹೊರಬದಿಯಲ್ಲಿ, ಗದ್ದೆಗೆ ನೀರು ಬಿಡುವ ತೂಬಿನಿಂದ ಮೂವತ್ತು ಹೆಜ್ಜೆ ಆಚೆಗೆ ಒಂದು ಜಾಗ ಇದೆ. ಕೆರೆಯಲ್ಲಿ ನೀರಿದ್ದಾಗ ಅಲ್ಲಿನ ಹುಲ್ಲು ಬೇರೆ ಕಡೆಗಿಂತ ಹಸಿರಾಗಿರುತ್ತದೆ. ಕಾಲಿಟ್ಟರೆ ಮಣ್ಣು ಮೆತ್ತಗೆ. ಹೆಬ್ಬೆರಳಲ್ಲಿ ಒತ್ತಿದರೆ ನೀರು ಮೂಡುತ್ತದೆ. ಚಿಕ್ಕವಳಿದ್ದಾಗ ನನಗೆ ಅದು ಎಮ್ಮೆಗಳಿಗೆ ಒಳ್ಳೆ ಹುಲ್ಲು ಸಿಗುವ ಜಾಗ, ಅಷ್ಟೇ. 2021ರ ನವೆಂಬರ್‌ನಲ್ಲಿ ಒಂದು ರಾತ್ರಿ ಇಡೀ ಊರು ಬ್ಯಾಟರಿ ಹಿಡಿದುಕೊಂಡು ಆ ಜಾಗವನ್ನೇ ನೋಡುತ್ತಾ ನಿಂತಿತ್ತು.

ಊರಿರುವುದು ಕೋಲಾರ ಜಿಲ್ಲೆಯಲ್ಲಿ, ಪಾಲಾರ್ ಕಣಿವೆಯಲ್ಲಿ, ಬೇತಮಂಗಲಕ್ಕಿಂತ ಮೇಲೆ. ಕೆರೆ ದೊಡ್ಡದೇನಲ್ಲ. ತುಂಬಿದಾಗ ಸುಮಾರು 50 ಎಕರೆ ನೀರು. ಏರಿ ಅರ್ಧ ಕಿಲೋಮೀಟರ್ ಉದ್ದ, ತೂಬಿನ ಹತ್ತಿರ 20 ಅಡಿ ಎತ್ತರ. ಪೂರ್ತಿ ಮಣ್ಣಿನದು. ನೀರಿನ ಕಡೆ ಕಲ್ಲು ಹೊದಿಸಿದ್ದಾರೆ. ಊರಿನ ಕಡೆ ಬರೀ ಹುಲ್ಲು. ಏರಿಯ ಕೆಳಗೆ ಗದ್ದೆ ಬಯಲು, ಅದರಾಚೆ ಮನೆಗಳು. ನಾವೆಲ್ಲ ಮಲಗುವುದು ಕೆರೆಯ ನೀರಿನ ಮಟ್ಟಕ್ಕಿಂತ ಕೆಳಗೆ. ಹುಟ್ಟಿದಾಗಿನಿಂದ ಹಾಗೇ ಮಲಗಿದ್ದೇವೆ, ಆದ್ದರಿಂದ ಯಾರಿಗೂ ಅದು ನೆನಪಿಗೆ ಬರುವುದಿಲ್ಲ.

ಕೆರೆ ಅಂದರೆ ನಮಗೆ ಬೇಸಾಯ. ಶಾಲೆಯಲ್ಲೂ ಹಾಗೇ ಹೇಳಿಕೊಟ್ಟರು: ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿ ಇಲ್ಲ, ಅದಕ್ಕೆ ಹಿರಿಯರು ಕೆರೆ ಕಟ್ಟಿದರು. ನಿಜವೇ. ಆದರೆ ಅದು ಅರ್ಧ ಮಾತು. ನಮ್ಮಲ್ಲಿ ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್. ಅದು ತಿಂಗಳಿಗೆ ಇಷ್ಟಿಷ್ಟು ಅಂತ ಹಂಚಿಕೊಂಡು ಬೀಳುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜಾಸ್ತಿ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ನವೆಂಬರ್‌ನಲ್ಲೂ ಸುರಿಯುತ್ತದೆ. ಬಂದರೆ ಎರಡು ದಿನದಲ್ಲಿ ಒಂದು ತಿಂಗಳ ಮಳೆ. ಬಂಡೆ, ಗುಡ್ಡ, ಗರಸು ನೆಲ. ಬಿದ್ದ ನೀರು ನಿಲ್ಲದೆ ಓಡುತ್ತದೆ. ಹಾಗೆ ಓಡಿ ಬರುವ ನೀರನ್ನು ಊರೂರಲ್ಲೂ ತಡೆದು, ಒಂದಷ್ಟು ಇಟ್ಟುಕೊಂಡು, ಮಿಕ್ಕಿದ್ದನ್ನು ಕೋಡಿಯಲ್ಲಿ, ಅಂದರೆ ತುಂಬಿದ ಕೆರೆಯ ನೀರು ಹೊರಗೆ ಹೋಗುವ ದಾರಿಯಲ್ಲಿ, ಮೆಲ್ಲಗೆ ಕೆಳಗಿನ ಊರಿಗೆ ಕಳಿಸುವುದು ಏರಿಯ ಇನ್ನೊಂದು ಕೆಲಸ. ಬರಗಾಲದ ಊರಲ್ಲಿ ಪ್ರವಾಹ ತಡೆಯುವ ಮಣ್ಣಿನ ಗೋಡೆ ಅಂದರೆ ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಮಳೆ ಅಪರೂಪವಾದ ಕಡೆಯೇ ಅದು ಜಾಸ್ತಿ ಬೇಕು, ಯಾಕಂದರೆ ಅಲ್ಲಿ ಹಳ್ಳಕ್ಕೆ ನೀರಿನ ಅಭ್ಯಾಸವೇ ಇರುವುದಿಲ್ಲ. ಹಳ್ಳದಲ್ಲಿ ಮನೆ ಇರುತ್ತದೆ, ತೋಟ ಇರುತ್ತದೆ, ಬಸ್ ಸ್ಟಾಂಡ್ ಕೂಡ ಇರುತ್ತದೆ.

ಅವಿಭಜಿತ ಕೋಲಾರ ಜಿಲ್ಲೆಯಲ್ಲಿ, ಅಂದರೆ 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವ ಮುಂಚೆ, ನಾಲ್ಕು ಸಾವಿರಕ್ಕೂ ಜಾಸ್ತಿ ಕೆರೆಗಳಿದ್ದವು. ಮೈಸೂರಿನ ಚೀಫ್ ಇಂಜಿನಿಯರ್ ಆಗಿದ್ದ ಸ್ಯಾಂಕಿ 1866ರಲ್ಲಿ ಈ ಸೀಮೆ ನೋಡಿ, ಇಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಅಂತ ಬರೆದ. ಜಾಗ ಇದ್ದಲ್ಲೆಲ್ಲ ಆಗಲೇ ಕೆರೆ ಇತ್ತು. ಒಂದರ ಕೋಡಿ ಇನ್ನೊಂದಕ್ಕೆ, ಅದರ ಕೋಡಿ ಮತ್ತೊಂದಕ್ಕೆ. ಪಾಲಾರ್ ಕರ್ನಾಟಕದಲ್ಲಿ ಹರಿಯುವ 93 ಕಿಲೋಮೀಟರ್‌ನಲ್ಲಿ ಅದನ್ನು ನದಿ ಅನ್ನುವುದಕ್ಕಿಂತ ಕೆರೆಗಳ ಸರ ಅನ್ನುವುದೇ ಸರಿ.

ಸರ ಅಂದಮೇಲೆ ಒಂದು ಭಯವೂ ಜೊತೆಗೆ ಬರುತ್ತದೆ. ಒಂದು ಮಣಿ ಕಿತ್ತರೆ ಉಳಿದವಕ್ಕೂ ಕುತ್ತು. 1903ರ ನವೆಂಬರ್‌ನಲ್ಲಿ ಹಾಗೇ ಆಯಿತು. ಮೈಸೂರು ಸೀಮೆಯ ಕೆರೆಗಳು ಒಡೆದು, ಪಾಲಾರ್‌ನಲ್ಲಿ ಇಳಿದ ಪ್ರವಾಹ ತಮಿಳು ನಾಡಿನ ವಾಣಿಯಂಬಾಡಿಗೆ ನುಗ್ಗಿತು. ಎಲ್ಲೋ ಮೇಲಿನ ಊರಿನ ಏರಿಯ ತೂತು, ಗಡಿ ದಾಟಿ, ಭಾಷೆ ಬೇರೆಯಾದ ಊರಿನ ಜನರನ್ನು ಕೊಚ್ಚಿಕೊಂಡು ಹೋಯಿತು.

ಇನ್ನು ಆ ರಾತ್ರಿಯ ಮಾತು.

ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಕೊಯ್ದು ಹಾಕಿದ್ದ ರಾಗಿ ಹೊಲದಲ್ಲೇ ನೆನೆದು ತೆನೆಯಲ್ಲೇ ಮೊಳಕೆ ಒಡೆದಿತ್ತು. ಟೊಮೆಟೊ ತೋಟಗಳಲ್ಲಿ ಮೊಣಕಾಲುದ್ದ ನೀರು. ನಾನು ಕೋಲಾರದಲ್ಲಿದ್ದೆ. ಮಧ್ಯಾಹ್ನ ಅಪ್ಪ ಫೋನ್ ಮಾಡಿ, "ಮೇಲಿನ ಕಟ್ಟೆ ಹೋಯ್ತಮ್ಮ" ಅಂದರು. ನಮ್ಮ ಕೆರೆಗೆ ನೀರು ಬರುವ ಹಾದಿಯಲ್ಲಿ ಒಂದು ಸಣ್ಣ ಕಟ್ಟೆ ಇತ್ತು. ದನಗಳಿಗೆ ನೀರು ಕುಡಿಸುವ ಗೋಕಟ್ಟೆ. ಅದು ಒಡೆದು ಅದರ ನೀರೆಲ್ಲ ಒಟ್ಟಿಗೆ ನಮ್ಮ ಕೆರೆಗೆ ಬಂದಿತ್ತು. ತಮ್ಮನೂ ನಾನೂ ಹೊರಟು ಊರು ತಲುಪುವಷ್ಟರಲ್ಲಿ ಕತ್ತಲಾಗಿತ್ತು.

ಏರಿ ಹತ್ತಿ ನೋಡಿದೆ. ನೀರು ಯಾವಾಗಲೂ ದೂರದಲ್ಲಿ ಇರುವಂಥದ್ದು, ಅವತ್ತು ಕಾಲ ಹತ್ತಿರ ಇತ್ತು. ಟ್ರಾಕ್ಟರ್‌ಗಳು ಏರಿ ದಾಟಿ ದಾಟಿ ಒಂದು ಕಡೆ ತಗ್ಗಾಗಿತ್ತಲ್ಲ, ಅಲ್ಲಿ ಏರಿಯ ತಲೆಗೂ ನೀರಿಗೂ ಒಂದು ಗೇಣು. ಗಾಳಿ ಬಂದಾಗ ಅಲೆ ಮೇಲೆ ಬಂದು ಮಣ್ಣು ನೆಕ್ಕಿ ಹೋಗುತ್ತಿತ್ತು. ಹುಡುಗರು ಅಲ್ಲಿ ಮರಳು ಚೀಲ ಜೋಡಿಸುತ್ತಿದ್ದರು. ಮಣ್ಣಿನ ಏರಿಯ ಮೇಲೆ ನೀರು ಹರಿಯಬಾರದು. ಕಲ್ಲಿನ ಕಟ್ಟಡವಾದರೆ ತಡೆದುಕೊಂಡೀತು. ಮಣ್ಣಿನ ಮೇಲೆ ಹರಿದರೆ ಹೊರಮೈ ಕೊರೆಯುತ್ತದೆ, ಬುಡದಿಂದ ಮೇಲಕ್ಕೆ ಕಚ್ಚಿಕೊಂಡು ಬರುತ್ತದೆ, ಕೆಲವೇ ಗಂಟೆಗಳಲ್ಲಿ ಏರಿಯೇ ಇರುವುದಿಲ್ಲ.

ನೀರು ಅಷ್ಟು ಮೇಲೆ ಬರುವುದಕ್ಕೆ ಮಳೆಯೊಂದೇ ಕಾರಣ ಅಲ್ಲ. ಇದನ್ನು ಹೇಳಲೇಬೇಕು. ಅದಕ್ಕೆ ಎರಡು ವರ್ಷ ಮುಂಚೆ ಕೋಡಿ ರಿಪೇರಿ ಅಂತ ಕೆಲಸ ನಡೆದಿತ್ತು. ಆಗ ಕೋಡಿಯ ಮೇಲೆ ಒಂದೂವರೆ ಅಡಿ ಕಾಂಕ್ರೀಟ್ ಏರಿಸಿದರು. ಜಾಸ್ತಿ ನೀರು ನಿಲ್ಲುತ್ತದೆ ಅಂತ ಊರಿನವರೂ ಖುಷಿಪಟ್ಟರು. ನಮ್ಮ ಅಪ್ಪನೂ. ಅದರ ಮೇಲೆ ಮೀನು ಹಿಡಿಯುವ ಗುತ್ತಿಗೆಯವರು, ಮೀನು ಕೊಚ್ಚಿ ಹೋಗದಿರಲಿ ಅಂತ ಕೋಡಿಗೆ ಅಡ್ಡಲಾಗಿ ಕಬ್ಬಿಣದ ಜಾಲರಿ ಕಟ್ಟಿದ್ದರು. ಜಾಲರಿಗೆ ಅಂತರಗಂಗೆ ಗಿಡ, ಪ್ಲಾಸ್ಟಿಕ್ ಕವರು, ತೆಂಗಿನ ಗರಿ ಎಲ್ಲ ಬಂದು ಮೆತ್ತಿಕೊಂಡು ಗೋಡೆಯೇ ಆಗಿತ್ತು.

ಕೋಡಿಯ ಲೆಕ್ಕ ಸ್ವಲ್ಪ ಬೇರೆ ಥರ. ಕೋಡಿಯ ಮೇಲೆ ಮೂರು ಅಡಿ ಆಳಕ್ಕೆ ಹರಿಯಬೇಕಾದ ನೀರು ಒಂದೂವರೆ ಅಡಿ ಮಾತ್ರ ಹರಿದರೆ, ಹೊರಗೆ ಹೋಗುವ ನೀರು ಅರ್ಧ ಆಗುವುದಿಲ್ಲ. ಹೆಚ್ಚು ಕಡಿಮೆ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಆಳ ಕಡಿಮೆಯಾದಾಗ ನೀರಿನ ವೇಗವೂ ಕಡಿಮೆಯಾಗುತ್ತದೆ, ಅದಕ್ಕೆ. ಒಂದೂವರೆ ಅಡಿ ಕಾಂಕ್ರೀಟು ಕಣ್ಣಿಗೆ ಏನೂ ಅಲ್ಲ, ಮಕ್ಕಳು ಹಾರಿ ದಾಟುವಷ್ಟು. ಆದರೆ ಅದು ಕೆರೆಯ ಗಂಟಲು ಹಿಸುಕಿತ್ತು. ನಮ್ಮ ಹಳೆಯ ಕೋಡಿಗಳ ಮೇಲೆ ಸಾಲಾಗಿ ಕಲ್ಲು ನಿಲ್ಲಿಸಿರುವುದನ್ನು ನೀವೂ ನೋಡಿರಬಹುದು. ಮಳೆಗಾಲ ಮುಗಿಯುತ್ತಾ ಬಂದಾಗ ಆ ಕಲ್ಲುಗಳ ಮಧ್ಯೆ ಜೇಡಿಮಣ್ಣು, ಹುಲ್ಲು ತುಂಬಿ ಒಂದೆರಡು ಅಡಿ ಜಾಸ್ತಿ ನೀರು ನಿಲ್ಲಿಸಿಕೊಳ್ಳುತ್ತಿದ್ದರು. ದೊಡ್ಡ ನೀರು ಬಂದರೆ ಆ ಮಣ್ಣನ್ನು ಕೈಯಲ್ಲೇ ಕಿತ್ತು ಹಾಕಬಹುದಿತ್ತು. ಆಸೆಯೂ ಇತ್ತು, ಆಸೆ ಬಿಡುವ ದಾರಿಯೂ ಇತ್ತು. ಕಾಂಕ್ರೀಟಿನಲ್ಲಿ ಆ ದಾರಿ ಇಲ್ಲ.

ಜಾಲರಿ ಕತ್ತರಿಸುವುದಕ್ಕೆ ನಾಲ್ಕು ಜನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಹಗ್ಗದ ಇನ್ನೊಂದು ತುದಿ ಹುಣಸೆ ಮರಕ್ಕೆ. ಟ್ರಾಕ್ಟರಿನ ಲೈಟು ಹಾಕಿದ್ದರು. ಅಂತರಗಂಗೆಯನ್ನು ಕುಡುಗೋಲಿನಲ್ಲಿ ಕುಯ್ದು ಕುಯ್ದು ಎಳೆದರು. ಜಾಲರಿ ಹೋದ ಮೇಲೆ ಕಾಂಕ್ರೀಟ್ ಒಡೆಯುವ ಮಾತು ಬಂತು. ಆಗ ಅಪ್ಪ ತಡೆದರು. "ಕೆಳಗಡೆ ಊರಿನವರಿಗೆ ಹೇಳಿದಿರಾ?" ಅಂತ ಕೇಳಿದರು. ಯಾರೂ ಹೇಳಿರಲಿಲ್ಲ. ಎಲ್ಲರೂ ಸುಮ್ಮನಾದರು. ನಮ್ಮ ಕೋಡಿ ಒಡೆದರೆ ಆ ನೀರು ಹೋಗುವುದು ಅವರ ಕೆರೆಗೆ ತಾನೇ.

ಅಪ್ಪನೇ ಫೋನ್ ಮಾಡಿದರು. ಆ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. "ಅಣ್ಣಾ, ನಮ್ಮ ಕೋಡಿ ಇಳಿಸ್ಬೇಕು. ಇಲ್ಲಾಂದ್ರೆ ಏರಿನೇ ಬರ್ತದೆ ನಿಮ್ಮ ಕಡೆಗೆ." ಆ ಕಡೆಯವರು ಒಂದು ಗಂಟೆ ಟೈಮ್ ಕೇಳಿದರು. ತೂಬು ಎತ್ತಬೇಕು, ಹಳ್ಳದ ಪಕ್ಕದ ಕೊಟ್ಟಿಗೆಗಳಿಂದ ದನ ಬಿಡಿಸಬೇಕು, ಅಲ್ಲಿರುವ ಎರಡು ಮನೆಯವರನ್ನು ಶಾಲೆಗೆ ಕಳಿಸಬೇಕು. ನೀರು ಮೇಲೆ ಬರುತ್ತಲೇ ಇತ್ತು. ಆದರೂ ನಾವು ಒಂದು ಗಂಟೆ ಕಾದೆವು. ಅಷ್ಟು ಉದ್ದದ ಗಂಟೆಯನ್ನು ನಾನು ಇನ್ನೊಂದು ನೋಡಿಲ್ಲ.

ಆ ಗಂಟೆಯಲ್ಲೇ ಯಾರೋ ಏರಿಯ ಕೆಳಗಿನಿಂದ ಕೂಗಿದರು. ಆ ಹಸಿರು ಜಾಗದಲ್ಲಿ ನೀರು ಬುಗ್ಗೆ ಥರ ಏಳುತ್ತಿದೆ ಅಂತ.

ತೂಬು ಎತ್ತಿ ಏರಿ ಕಾಯುತ್ತಿದ್ದ ನೀರುಗಂಟಿ ತಾತ ಅಲ್ಲಿಗೆ ಬಂದದ್ದು ಆಗಲೇ. ಆಗ ತಾತನಿಗೆ ಎಂಬತ್ತು ದಾಟಿತ್ತು. ಮೊಮ್ಮಗನ ಹೆಗಲು ಹಿಡಿದು, ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಇಳಿದರು. ಅಷ್ಟರಲ್ಲಿ ಒಬ್ಬ ಹುಡುಗ ಆ ಬುಗ್ಗೆಯ ಬಾಯಿಗೆ ಮಣ್ಣು ತುಂಬಿದ ಚೀಲ ತುರುಕುತ್ತಿದ್ದ. ತಾತ ಅವನ ಕೈ ಹಿಡಿದು ಎಳೆದರು. "ಬಾಯಿ ಮುಚ್ಚಬ್ಯಾಡ್ರೋ. ಇಲ್ಲಿ ಮುಚ್ಚಿದ್ರೆ ಪಕ್ಕದಾಗೆ ಇನ್ನೊಂದು ಬಾಯಿ ತೆಕ್ಕೊಳ್ತೈತೆ." ಆಮೇಲೆ ಬಗ್ಗಿ, ಬೊಗಸೆಯಲ್ಲಿ ಆ ನೀರು ಹಿಡಿದು, ಬ್ಯಾಟರಿ ಬೆಳಕಿಗೆ ಒಡ್ಡಿ ನೋಡಿದರು. ನನ್ನನ್ನು ಕರೆದರು. ನಾನು ಎಷ್ಟು ದೊಡ್ಡವಳಾದರೂ ತಾತನಿಗೆ ಪಾಪನೇ. "ಪಾಪಾ, ನೀರು ಹೋಗ್ತೈತೆ ಅಂತ ಹೆದರ್ಕೋಬ್ಯಾಡ. ಮಣ್ಣು ಹೋಗ್ತೈತಾ ನೋಡು."

ಬೊಗಸೆಯ ನೀರು ಚಹಾದ ಬಣ್ಣಕ್ಕಿತ್ತು. ಮಣ್ಣು ಹೋಗುತ್ತಿತ್ತು.

ಆಮೇಲೆ ನಾನು ಇದರ ಬಗ್ಗೆ ಓದಿದ್ದೇನೆ, ಇಂಜಿನಿಯರುಗಳನ್ನು ಕೇಳಿದ್ದೇನೆ. ತಾತ ಹೇಳಿದ್ದನ್ನೇ ಅವರೂ ಜಾಸ್ತಿ ಮಾತಿನಲ್ಲಿ ಹೇಳುತ್ತಾರೆ. ಮಣ್ಣಿನ ಏರಿ ಅಂದರೆ ನೀರೇ ಬಿಡದ ಗೋಡೆ ಅಲ್ಲ. ಪ್ರತಿ ಏರಿಯಲ್ಲೂ ನೀರು ಒಳಗಿಂದ ಹೊರಗೆ ಮೆಲ್ಲಗೆ ಒಸರುತ್ತಲೇ ಇರುತ್ತದೆ. ತಿಳಿಯಾಗಿ ಒಸರಿದರೆ ಏರಿ ಉಸಿರಾಡುತ್ತಿದೆ ಅಂದುಕೊಳ್ಳಬಹುದು. ಕದಡಿ ಬಂದರೆ ಒಳಗೆ ಎಲ್ಲೋ ಮಣ್ಣಿನ ಕಣ ಬಿಟ್ಟುಕೊಂಡಿದೆ. ಒಂದು ಕಣ ಹೋದ ಜಾಗದಲ್ಲಿ ನೀರು ಸ್ವಲ್ಪ ಜೋರಾಗುತ್ತದೆ, ಜೋರಾದ ನೀರು ಇನ್ನೆರಡು ಕಣ ತರುತ್ತದೆ. ಹೀಗೆ ಹೊರಗಿನಿಂದ ಒಳಕ್ಕೆ ಒಂದು ಕೊಳವೆ ಬೆಳೆಯುತ್ತದೆ. ಅದು ಕೆರೆಯ ನೀರು ಮುಟ್ಟಿದ ಗಳಿಗೆಗೆ ಏರಿ ಕುಸಿಯುತ್ತದೆ. ಮೇಲೆ ನಿಂತವರಿಗೆ ಅಲ್ಲಿಯವರೆಗೂ ಏನೂ ಕಾಣಿಸುವುದಿಲ್ಲ.

ಅದಕ್ಕೆ ಮಾಡಬೇಕಾದ್ದು ನೀರು ನಿಲ್ಲಿಸುವುದಲ್ಲ, ಮಣ್ಣು ನಿಲ್ಲಿಸುವುದು. ತಾತ ಮೊದಲು ಮರಳು ಹಾಕಿಸಿದರು. ಅದರ ಮೇಲೆ ಸಣ್ಣ ಜಲ್ಲಿ. ಅದರ ಮೇಲೆ ದಪ್ಪ ಜಲ್ಲಿ. ಯಾರದೋ ಮನೆ ಕಟ್ಟುವುದಕ್ಕೆ ತಂದಿದ್ದ ಜಲ್ಲಿ, ಯಾರೂ ಕೇಳಲಿಲ್ಲ, ಮಂಕರಿಯಲ್ಲಿ ತುಂಬಿ ತಂದೆವು. ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದೆವು. ಕೊನೆಗೆ ಅದರ ಸುತ್ತ ಬಾವಿಕಟ್ಟೆಯ ಥರ ಮರಳು ಚೀಲಗಳ ಬಳೆ, ಎದೆ ಎತ್ತರಕ್ಕೆ. ಬಳೆಯ ಒಳಗೆ ನೀರು ತುಂಬಿಕೊಂಡಿತು. ಹಾಗೆ ನಿಂತ ನೀರಿನ ಭಾರವೇ ಒಳಗಿನಿಂದ ಬರುವ ನೀರನ್ನು ಹಿಂದಕ್ಕೆ ಒತ್ತುತ್ತದೆ. ನೀರಿಗೆ ನೀರೇ ಅಡ್ಡ. ಮಿಕ್ಕಿದ್ದು ಚೀಲದ ಮೇಲಿಂದ ಸಣ್ಣಗೆ ಹರಿದು ಹೋಗುತ್ತದೆ.

ಈ ಮಧ್ಯೆ ಕೆಳಗಿನ ಊರಿನಿಂದ ಫೋನ್ ಬಂತು. "ಬಿಡಿ ಅಣ್ಣಾ" ಅಂದರು. ಹಾರೆ, ಸುತ್ತಿಗೆ ತೆಗೆದುಕೊಂಡು ಕೋಡಿಯ ಮೇಲಿನ ಕಾಂಕ್ರೀಟನ್ನು ಮೊದಲು ಎರಡು ಮಾರು ಅಗಲಕ್ಕೆ, ಆಮೇಲೆ ಇನ್ನೆರಡು ಮಾರು, ಹೀಗೆ ಸ್ವಲ್ಪ ಸ್ವಲ್ಪವೇ ಒಡೆದರು. ಒಂದೇ ಸಲ ಒಡೆದರೆ ಕೆಳಗಿನವರಿಗೆ ತಡೆಯಲಾಗದು. ರಾತ್ರಿ ಎರಡು ಗಂಟೆಯ ಹೊತ್ತಿಗೆ ಅಪ್ಪ ನೆಟ್ಟಿದ್ದ ಕಡ್ಡಿಯ ಗುರುತಿಗಿಂತ ನೀರು ಎರಡು ಬೆರಳು ಕೆಳಗೆ ಇತ್ತು. ನಾನು ಆ ಎರಡು ಬೆರಳನ್ನು ಮೂರು ಸಲ ಅಳೆದೆ. ಬೆಳಗಿನ ಜಾವ ತಾತ ಮತ್ತೆ ಬೊಗಸೆಯಲ್ಲಿ ನೀರು ಹಿಡಿದು ನೋಡಿ, ಏನೂ ಹೇಳದೆ, ಆ ನೀರಲ್ಲೇ ಮುಖ ತೊಳೆದುಕೊಂಡರು.

ಆ ರಾತ್ರಿಯ ಮೇಲೆ ನಾನು ಕೆರೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನ ಇದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯದು. ನಮ್ಮ ಕಡೆ ಹುಟ್ಟುವ ಪಾಪಾಘ್ನಿ ನದಿಯೂ ಕಡಪ ಸೀಮೆಗೇ ಹೋಗುತ್ತದೆ, ಹಾಗಾಗಿ ನನಗೆ ಅದು ದೂರದ ಊರು ಅನ್ನಿಸಲಿಲ್ಲ. ದಿನಕ್ಕೆ 1,000 ಆಳು, 100 ಗಾಡಿ, ಎರಡು ವರ್ಷದ ಕೆಲಸ ಅಂತ ಅದರಲ್ಲಿ ಬರೆದಿದೆ. ಒಳ್ಳೆ ಕೆರೆಗೆ ಏನೇನು ಬೇಕು ಅಂತ 12 ಅಂಶ, ಏನೇನು ಇರಬಾರದು ಅಂತ 6 ದೋಷ. ಕೆರೆ ಎರಡು ರಾಜ್ಯಗಳ ಗಡಿಯಲ್ಲಿ ಇರಬಾರದು ಅನ್ನುವುದು ಒಂದು ದೋಷ. ಮಧ್ಯದಲ್ಲಿ ದಿಣ್ಣೆ ಇರಬಾರದು ಅನ್ನುವುದು ಇನ್ನೊಂದು. ಏರಿಯಿಂದ ನೀರು ಒಸರುವುದೂ ಆ ಪಟ್ಟಿಯಲ್ಲಿದೆ. ಅದನ್ನು ಓದಿದಾಗ ನನಗೆ ತಾತನ ಬೊಗಸೆ ಕಣ್ಣಿಗೆ ಬಂತು. ಆರೂವರೆ ನೂರು ವರ್ಷದ ಹಿಂದೆ ಕಲ್ಲಿನಲ್ಲಿ ಬರೆದಿಟ್ಟದ್ದನ್ನು ಓದಲು ಬರೆಯಲು ಬಾರದ ಒಬ್ಬರು ಕೈಯಲ್ಲಿ ಉಳಿಸಿಕೊಂಡಿದ್ದರು.

ಬೇತಮಂಗಲದ ಕೆರೆಯ ಕತೆಯೂ ಹಾಗೇ. ಮುಂದೆ ಕೆಜಿಎಫ್‌ಗೆ ಕುಡಿಯುವ ನೀರು ಕೊಟ್ಟ ಕೆರೆ ಅದು. ಹತ್ತನೇ ಶತಮಾನದಲ್ಲಿ ನೊಳಂಬರ ಕಾಲದಲ್ಲಿ ಒಮ್ಮೆ, ಹನ್ನೆರಡನೇ ಶತಮಾನದಲ್ಲಿ ಹೊಯ್ಸಳರ ದಂಡನಾಯಕನೊಬ್ಬನ ಕೈಯಲ್ಲಿ ಇನ್ನೊಮ್ಮೆ ಅದರ ಏರಿ ದುರಸ್ತಿ ಆಗಿದೆ. ದುರಸ್ತಿ ಮಾಡಿದ್ದಕ್ಕೂ ಶಾಸನ ಹಾಕಿಸಿದ್ದಾರೆ ಅನ್ನುವುದು ನನಗೆ ತುಂಬಾ ಹಿಡಿಸಿತು. ಈಗ ಹೊಸದು ಕಟ್ಟಿದರೆ ಮಾತ್ರ ಕಲ್ಲು ನೆಡುತ್ತೇವೆ.

ನೀರುಗಂಟಿಯ ಕೆಲಸ ನಮ್ಮೂರಲ್ಲಿ ತಲೆಮಾರಿನಿಂದ ಒಂದೇ ಮನೆಯದು. ದಲಿತ ಕೇರಿಯ ಮನೆ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವುದು, ಮಳೆಗಾಲದ ರಾತ್ರಿ ಏರಿಯ ಉದ್ದಕ್ಕೂ ನಡೆದು ಕಾಯುವುದು ಅವರ ಕೆಲಸ. ಹೆಗ್ಗಣದ ಬಿಲ, ಏಡಿ ಬಿಲ, ಹುತ್ತ, ಬಿರುಕು ಎಲ್ಲ ಅವರಿಗೆ ಗೊತ್ತಿರುತ್ತಿತ್ತು. ಸುಗ್ಗಿಯಲ್ಲಿ ಕಣದಲ್ಲಿ ಇಷ್ಟು ಅಂತ ಧಾನ್ಯ ಕೊಡುತ್ತಿದ್ದರು. ಏರಿ ಕಾಯುವ ಹೊಣೆ ಆ ಮನೆಯದು, ಏರಿಯ ಕೆಳಗಿನ ಅಚ್ಚುಕಟ್ಟಿನಲ್ಲಿ ಆ ಮನೆಗೆ ಒಂದು ಗುಂಟೆ ಗದ್ದೆ ಇರಲಿಲ್ಲ. ಬೇರೆಯವರ ಗದ್ದೆ, ಬೇರೆಯವರ ಮನೆ ಉಳಿಸಲು ಅವರು ರಾತ್ರಿ ನೆನೆದರು. ಹಳೆಯ ವ್ಯವಸ್ಥೆಯನ್ನು ಹೊಗಳುವಾಗ ಈ ಮಾತನ್ನು ಬಿಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಮೈಸೂರು ಸರ್ಕಾರ 1911ರಲ್ಲೇ ಕೆರೆ ಪಂಚಾಯ್ತಿಗಳಿಗೆ ಅಂತ ಕಾಯ್ದೆ ತಂದಿತ್ತು. ಆಮೇಲೆ ಎಷ್ಟೋ ಇಲಾಖೆ, ಎಷ್ಟೋ ಯೋಜನೆ ಬಂದವು. 2014ರಲ್ಲಿ ಕೆರೆ ಸಂರಕ್ಷಣೆಗೇ ಒಂದು ಪ್ರಾಧಿಕಾರದ ಕಾಯ್ದೆಯೂ ಆಯಿತು. ಬೋರ್‌ವೆಲ್ ಬಂದ ಮೇಲೆ ಗದ್ದೆಯವರಿಗೆ ತೂಬಿನ ನೀರು ಬೇಡವಾಯಿತು. ಕಣದ ಧಾನ್ಯ ನಿಂತಿತು. ತಾತನ ಮಗ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದರು. ಅವರು ಹೋದದ್ದು ಸರಿಯೇ. ಸಂಬಳ ಕೊಟ್ಟು, ಮರ್ಯಾದೆ ಕೊಟ್ಟು ಆ ಕೆಲಸ ಉಳಿಸಿಕೊಳ್ಳದೇ ಇದ್ದದ್ದು ನಾವು.

ಕೆರೆ ಇಪ್ಪತ್ತು ವರ್ಷ ಹೆಚ್ಚು ಕಡಿಮೆ ಒಣಗೇ ಇತ್ತು. ಒಣಗಿದ ಏರಿಯನ್ನು ಯಾರು ನೋಡುತ್ತಾರೆ? ಸೀಮೆಜಾಲಿ ಬೆಳೆಯಿತು. ಏರಿಯ ಬುಡಕ್ಕೇ ಜೆಸಿಬಿ ತಂದು ಇಟ್ಟಿಗೆ ಗೂಡಿಗೆ ಅಂತ ಮಣ್ಣು ಎತ್ತಿದರು. ಹೂಳು ತೆಗೆಯುವುದು ಒಳ್ಳೆಯದೇ, ಆ ಗೋಡು ಮಣ್ಣು ಹೊಲಕ್ಕೆ ಚಿನ್ನ. ಆದರೆ ಏರಿಯಿಂದ ದೂರ ಬಿಟ್ಟು ತೆಗೆಯಬೇಕು. ಬುಡದಲ್ಲಿ ಕೂತ ಜೇಡಿನ ಪದರ ನೀರು ಇಳಿಯದಂತೆ ತಡೆಯುವ ಹೊದಿಕೆ. ಅದನ್ನು ಕೆರೆದು ಗರಸಿನವರೆಗೂ ಹೋದರೆ ನೀರಿಗೆ ನಾವೇ ಬಾಗಿಲು ತೆಗೆದಂತೆ. ನಮ್ಮ ಬುಗ್ಗೆ ಎದ್ದ ಜಾಗದ ಎದುರಿಗೇ, ಒಳಗಡೆ, ಅಂಥ ಒಂದು ಗುಂಡಿ ಇತ್ತು.

ಇನ್ನೊಂದು ಮಾತು ಹೇಳಿದರೆ ಕೆಲವರಿಗೆ ಕೋಪ ಬರಬಹುದು. ಪರಿಸರ ದಿನ ಅಂತ ಕೆರೆ ಏರಿಯ ಮೇಲೆ ಸಸಿ ನೆಡಬೇಡಿ. ಕೆರೆಯ ಸುತ್ತ ನೆಡಿ, ಕಾಲುವೆ ದಡದಲ್ಲಿ ನೆಡಿ, ಶಾಲೆಯಲ್ಲಿ ನೆಡಿ. ಏರಿಗೆ ಹುಲ್ಲು ಸಾಕು. ದೊಡ್ಡ ಮರ ಸತ್ತರೆ ಅದರ ಬೇರು ಒಳಗೇ ಕೊಳೆತು ಟೊಳ್ಳಾಗುತ್ತದೆ. ಆ ಟೊಳ್ಳು ನೀರಿಗೆ ರೆಡಿ ಇರುವ ಪೈಪು. ಗಾಳಿಗೆ ಮರ ಬುಡಮೇಲಾದರೆ ಏರಿಯ ಒಂದು ತುತ್ತು ಅದರ ಜೊತೆಗೇ ಹೋಗುತ್ತದೆ.

ಈಗ ಕೆರೆ ಮತ್ತೆ ತುಂಬಿದೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕಳಿಸುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ, ನಾವೆಲ್ಲ ಕೆಸಿ ವ್ಯಾಲಿ ಅನ್ನುವುದು, 2018ರಲ್ಲಿ ಕೋಲಾರಕ್ಕೆ ಬಂತು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಅಂತ ಅದರ ಗುರಿ. ಆ ನೀರಿನ ಗುಣದ ಬಗ್ಗೆ ಇರುವ ಚರ್ಚೆ ದೊಡ್ಡದು, ಇಲ್ಲಿ ಬೇಡ. ಬತ್ತಿದ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಬಂದದ್ದನ್ನು ನಾನು ನಮ್ಮ ತೋಟದಲ್ಲೇ ನೋಡಿದ್ದೇನೆ, ಅಮ್ಮ ಅತ್ತದ್ದನ್ನೂ ನೋಡಿದ್ದೇನೆ. ಆದರೆ ಯಾರೂ ಆಡದ ಒಂದು ಮಾತಿದೆ. ನಮ್ಮ ಹಿರಿಯರ ಕೆರೆ ಜೂನ್‌ನಲ್ಲಿ ಖಾಲಿ ಇರುತ್ತಿತ್ತು. ಬೇಸಿಗೆ ಅದನ್ನು ಖಾಲಿ ಮಾಡಿರುತ್ತಿತ್ತು. ಆ ಖಾಲಿ ಜಾಗವೇ ಪ್ರವಾಹಕ್ಕೆ ಎತ್ತಿಟ್ಟ ಜಾಗ. ಈಗ ನಮ್ಮ ಕೆರೆ ವರ್ಷಪೂರ್ತಿ ಕೋಡಿಯ ಮಟ್ಟದಲ್ಲೇ ಇರುತ್ತದೆ. ದೊಡ್ಡ ಮಳೆ ಬಂದರೆ ಒಂದು ಕೊಡ ನೀರು ಹಿಡಿಯುವುದಕ್ಕೂ ಜಾಗ ಇಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ಒಂದು ಚದರ ಕಿಲೋಮೀಟರ್ ಬರಡು ಗುಡ್ಡದ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ ಅದು 10 ಕೋಟಿ ಲೀಟರ್. ಅದರಲ್ಲಿ ಅರ್ಧ ಓಡಿ ಬಂದರೂ 5 ಕೋಟಿ. ನಮ್ಮ 50 ಎಕರೆ ಕೆರೆಯಲ್ಲಿ ನೀರು ಒಂದೇ ಒಂದು ಅಡಿ ಕೆಳಗೆ ಇದ್ದಿದ್ದರೆ 6 ಕೋಟಿ ಲೀಟರ್‌ಗೆ ಜಾಗ ಇರುತ್ತಿತ್ತು. ಒಂದು ಅಡಿಗೇ ಅಷ್ಟು. ಆಗಸ್ಟ್ ಕೊನೆಯ ಹೊತ್ತಿಗೆ ಕೆರೆಯನ್ನು ಎರಡು ಅಡಿ ಇಳಿಸಿಡಿ ಅಂತ ನಾನು ಗ್ರಾಮಸಭೆಯಲ್ಲಿ ಎರಡು ಸಲ ಕೇಳಿದ್ದೇನೆ. ಮೊದಲ ಸಲ ಒಬ್ಬರು, "ಇಪ್ಪತ್ತು ವರ್ಷ ನೀರಿಲ್ಲದೆ ಸತ್ತಿದ್ದೀವಿ, ಇರೋ ನೀರು ಬಿಡು ಅಂತೀಯಲ್ಲಮ್ಮ" ಅಂದರು. ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅವರ ಮನೆಯಲ್ಲಿ ಬರಗಾಲದ ವರ್ಷ ಎರಡು ಜೋಡಿ ಎತ್ತು ಮಾರಿದ್ದರು. ಎರಡನೇ ಸಲ ಕೇಳಿದಾಗ ಅವರೇ, "ಕೆಳಗಿನ ಊರಿನವರನ್ನೂ ಕೂರಿಸಿಕೊಂಡು ಮಾತಾಡೋಣ" ಅಂದರು. ಇನ್ನೂ ಕೂತಿಲ್ಲ. ನಾನು ಮತ್ತೆ ಕೇಳುತ್ತೇನೆ.

ಒಡೆದ ಕಾಂಕ್ರೀಟನ್ನು ಮತ್ತೆ ಕಟ್ಟಿಲ್ಲ. ಆ ರಾತ್ರಿ ಆದ ಒಂದು ವಾರಕ್ಕೆ ಊರಿನವರು ಗಂಗಮ್ಮನ ಪೂಜೆ ಮಾಡಿದರು. ತಂಬಿಟ್ಟಿನ ದೀಪ ಹೊತ್ತು ಹೆಂಗಸರೆಲ್ಲ ಏರಿಯ ಮೇಲೆ ಸಾಲಾಗಿ ನಡೆದೆವು. ಬೇರೆ ಊರುಗಳಿಂದ ಜನ ಕೋಡಿ ನೋಡುವುದಕ್ಕೆ ಬಂದಿದ್ದರು. ಅವರಲ್ಲಿ ತೆಲುಗು ಮಾತಾಡುವವರು "ಮರವ ಪಾರಿಂದಿ", ಅಂದರೆ ಕೋಡಿ ಹರಿಯಿತು, ಅಂತ ಮಕ್ಕಳಿಗೆ ತೋರಿಸುತ್ತಿದ್ದರು. ತಾತನನ್ನು ಕರೆದು ಶಾಲು ಹೊದಿಸಿದರು. ಅದು ಸಾಲದು ಅಂತ ಕೊಡುವವರಿಗೂ ಗೊತ್ತಿತ್ತು ಅನ್ನಿಸುತ್ತದೆ, ಯಾರೂ ಭಾಷಣ ಮಾಡಲಿಲ್ಲ.

ತಾತ ಹೋದ ವರ್ಷ ತೀರಿಕೊಂಡರು. ಅವರ ಮೊಮ್ಮಗ ಈಗ ಊರಲ್ಲೇ ಇದ್ದಾನೆ. ಮಳೆ ಬಂದ ಸಂಜೆಗಳಲ್ಲಿ ಅವನೂ ನನ್ನ ತಮ್ಮನೂ ಏರಿಯ ಬುಡದಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ಬುಡದಲ್ಲಿ, ಮೇಲೆ ಅಲ್ಲ. ಮೇಲೆ ನಡೆದರೆ ನೀರು ಕಾಣುತ್ತದೆ, ಬುಡದಲ್ಲಿ ನಡೆದರೆ ಏರಿ ಕಾಣುತ್ತದೆ ಅನ್ನುವುದು ತಾತನದೇ ಮಾತು. ಆ ಹುಡುಗನಿಗೆ ಪಂಚಾಯ್ತಿಯಿಂದ ತಿಂಗಳ ಸಂಬಳ ಕೊಡಬೇಕು ಅನ್ನುವ ಅರ್ಜಿಗೆ ಊರಿನವರೆಲ್ಲ ಸಹಿ ಹಾಕಿದ್ದೇವೆ.

ಕಳೆದ ಅಕ್ಟೋಬರ್‌ನಲ್ಲಿ ನಾನು ಊರಿಗೆ ಹೋದಾಗ ಮಳೆ ಇತ್ತು. ಸಂಜೆ ಆ ಹಸಿರು ಜಾಗಕ್ಕೆ ಹೋದೆ. ಜಲ್ಲಿಯ ಮೇಲೆ ಹುಲ್ಲು ಬೆಳೆದಿದೆ. ಚೀಲಗಳು ಬಿಸಿಲಿಗೆ ಹರಿದು ಮರಳು ಅಲ್ಲೇ ಕೂತಿದೆ. ಮಧ್ಯದಲ್ಲಿ ನೀರು ಬೆರಳು ದಪ್ಪ ಹರಿಯುತ್ತಿತ್ತು. ಬೊಗಸೆಯಲ್ಲಿ ನೋಡಿ ತಿಳಿಯುವಷ್ಟು ನನ್ನ ಕಣ್ಣು ಪಳಗಿಲ್ಲ. ಅದಕ್ಕೆ ಗಾಜಿನ ಬಾಟಲಿಯಲ್ಲಿ ಹಿಡಿದು ತಂದು, ರಾತ್ರಿಯಿಡೀ ಕಿಟಕಿಯಲ್ಲಿಟ್ಟೆ. ಮಣ್ಣಿದ್ದರೆ ತಳದಲ್ಲಿ ಕೂರುತ್ತದೆ. ರಾತ್ರಿ ಎರಡು ಸಲ ಎದ್ದು ನೋಡಿದೆ, ಕತ್ತಲಲ್ಲಿ ಏನೂ ಗೊತ್ತಾಗಲಿಲ್ಲ. ಬೆಳಗ್ಗೆ ಅಪ್ಪ ನನಗಿಂತ ಮುಂಚೆ ಎದ್ದು, ಬಾಟಲಿಯನ್ನು ಬಿಸಿಲಿಗೆ ಹಿಡಿದುಕೊಂಡು ನಿಂತಿದ್ದರು.

"ಏನಪ್ಪಾ?" ಅಂದೆ.

"ತಳ ಕಾಣ್ತಿದೆ" ಅಂದರು.